ಒಂದು ಮುಷ್ಟಿ ದೂರ

ಪರೀಕ್ಷೆಗೆ ನಿಂತಿದ್ದ ಹನ್ನೊಂದು ಜನರೂ ಗುದ್ದು ಬಿಡುವ ಮುಂಚೆ, ಗಂಟಲಲ್ಲಿ ಏನೋ ಸಿಕ್ಕಿಕೊಂಡವರ ಹಾಗೆ, ಸಣ್ಣಗೆ ‘ಹ್ಕ್’ ಅಂದರು. ಆಮೇಲೆ ಕೂಗು. ಆಮೇಲೆ ಗುದ್ದು. ಹನ್ನೊಂದು ಮೈ, ಒಂದೇ ಸದ್ದು.

ಪಕ್ಕದಲ್ಲಿ ನಿಂತು ನಾನು ಬೀಗುತ್ತಿದ್ದೆ. ಇದರಲ್ಲಿ ನನಗೆ ಅನುಮಾನವಿಲ್ಲ. ಮುಂದೆ ಬರುವ ಹಲವು ಸಂಗತಿಗಳ ಬಗ್ಗೆ ಇದೆ. ಇಸವಿ ಕೇಳಿದರೆ ಎಂಬತ್ತರ ದಶಕ ಶುರುವಾದ ಹೊಸತು ಎಂದಷ್ಟೇ ಹೇಳಬಲ್ಲೆ. ಬೀಗಿದ್ದು ಮಾತ್ರ ನಿಜ, ಏಕೆಂದರೆ ಮುಂದಿನ ಐದು ನಿಮಿಷದಲ್ಲಿ ಅದು ಇಳಿದುಹೋದ ರುಚಿ ಈಗಲೂ ಬಾಯಲ್ಲಿದೆ.

ಜಾಗ, ಪೀಣ್ಯದ ಕಾರ್ಖಾನೆಗಳ ಬೆನ್ನಿಗೆ ಉಳಿದುಕೊಂಡಿದ್ದ ನಮ್ಮೂರಿನ ಗರಡಿ ಮನೆ. ನಮ್ಮಜ್ಜ ಅಲ್ಲಿ ವಸ್ತಾದ್ ಆಗಿದ್ದ, ಅಂದರೆ ಕುಸ್ತಿ ಕಲಿಸುವ ಗುರು. ಅಜ್ಜ ರಾಗಿ ಬೆಳೆದ ಹೊಲದ ಮೇಲೆ ಎದ್ದ ಕಾರ್ಖಾನೆಯಲ್ಲೇ ನಾನು ಇನ್‌ಸ್ಪೆಕ್ಷನ್ ವಿಭಾಗದಲ್ಲಿದ್ದೆ ಎಂದು ಎಲ್ಲರಿಗೂ ಹೇಳಿಕೊಂಡು ಬಂದಿದ್ದೇನೆ. ಅಮ್ಮನ ಪ್ರಕಾರ ನಮ್ಮ ಹೊಲ ಅದರ ಪಕ್ಕದ್ದು, ಈಗ ಅಲ್ಲಿ ಲಾರಿ ನಿಲ್ಲುತ್ತವೆ. ಇರಲಿ. ಕುಸ್ತಿಗೆ ಬರುವವರು ನಿಂತುಹೋದ ಮೇಲೆ ಕೆಮ್ಮಣ್ಣಿನ ಆ ಅಖಾಡದಲ್ಲಿ ನಾನು ಕರಾಟೆ ಕಲಿಸುತ್ತಿದ್ದೆ. ಸಂಜೆ ಜನರಲ್ ಶಿಫ್ಟು ಬಿಟ್ಟ ಮೇಲೆ ಬರುತ್ತಿದ್ದವರೆಲ್ಲ ಕಾರ್ಖಾನೆಯವರೇ, ಎಂಟು ಗಂಡಸರು, ಮೂವರು ಹೆಂಗಸರು.

ನಾನು ಕಲಿತದ್ದು ಕಂಟೋನ್ಮೆಂಟ್ ಕಡೆಯ ಅಂತೋಣಿ ಮಾಸ್ಟರ್ ಹತ್ತಿರ. ಕಲಿಸುತ್ತಿದ್ದುದು ಮಾತ್ರ ಅಜ್ಜನ ಪದ್ಧತಿಯಲ್ಲಿ. ಗರಡಿಯಲ್ಲಿ ಒಂದು ಕಟ್ಟಳೆ ಇತ್ತು: ಬೆನ್ನು ನೋಡಿ ಕಲಿ. ವಸ್ತಾದ್ ಮುಂದೆ ನಿಲ್ಲುತ್ತಾನೆ, ಶಿಷ್ಯರು ಹಿಂದೆ. ಅವನ ಬೆನ್ನು ಮಾಡಿದ್ದನ್ನು ಇವರು ಮಾಡಬೇಕು. ಪ್ರಶ್ನೆ ಕೇಳುವ ಹಾಗಿಲ್ಲ, ನೋವು ಹೇಳುವ ಹಾಗಿಲ್ಲ. ಹಾಗೆ ಎರಡು ವರ್ಷ ನಾನು ಬೆನ್ನು ತೋರಿಸಿದೆ, ಅವರು ನೋಡಿದರು.

ಬೆಲ್ಟ್ ಪರೀಕ್ಷೆಗೆ ಬಂದಿದ್ದ ಅಂತೋಣಿ ಮಾಸ್ಟರ್ ಕೈ ಎತ್ತಿ ನಿಲ್ಲಿಸಿದರು.

“ರಾಜಾ, ಇದು ಯಾವ ಸ್ಟೈಲು? ನಾನು ನಿನಗೆ ಇದು ಕಲಿಸಿಲ್ವಲ್ಲ. ಎಲ್ಲಾರ್ದೂ ಎಡಗೈ ಯಾಕೆ ಕೋಳಿ ರೆಕ್ಕೆ ಮಾದ್ರಿ ಅಂಟ್ಕೊಂಡಿದೆ?”

ಆಗ ನೋಡಿದೆ. ಎಡ ಮೊಣಕೈ ಪಕ್ಕೆಯಿಂದ ಒಂದು ಮುಷ್ಟಿ ದೂರ ಇರಬೇಕು, ಅದು ಮೊದಲ ದಿನದ ಪಾಠ. ಹನ್ನೊಂದು ಜನರ ಮೊಣಕೈಯೂ ಪಕ್ಕೆಗೆ ಒತ್ತಿಕೊಂಡಿತ್ತು. ಎಡಭುಜ ಒಂದಿಷ್ಟು ಇಳಿದಿತ್ತು.

ನನ್ನ ಜೊತೆ ಅದೇ ಕಾರ್ಖಾನೆಯಲ್ಲಿ ಗ್ರೈಂಡಿಂಗ್ ಮಷೀನ್ ನೋಡಿಕೊಳ್ಳುತ್ತಿದ್ದ ಶಿವಣ್ಣ ಎದೆಯುಬ್ಬಿಸಿ, “ಅದು ವಸ್ತಾದ್ ಪಟ್ಟು ಮಾಸ್ಟರ್. ಗುಟ್ಟಿಂದು. ಬೇರೆ ಕಡೆ ಎಲ್ಲೂ ಸಿಗಲ್ಲ” ಅಂದ.

“ಸಿಗಬಾರ್ದು ಕೂಡ. ಆ ಕೆಮ್ಮು?”

“ಅದೂ ಪಟ್ಟೇ.”

ಮಾಸ್ಟರ್ ನಗಲಿಲ್ಲ. ಸಾಲಿನ ಕೊನೆಯಲ್ಲಿದ್ದ ನಾಗವೇಣಿಯ ಹತ್ತಿರ ಹೋದರು. ನಾಗವೇಣಿಗೆ ಆಗ ಇಪ್ಪತ್ತಾರೋ ಇಪ್ಪತ್ತೇಳೋ. ಎಲೆಕ್ಟ್ರಾನಿಕ್ ಬಿಡಿಭಾಗ ಜೋಡಿಸುವ ಕಾರ್ಖಾನೆಯಲ್ಲಿ ದಿನವಿಡೀ ಭೂತಗನ್ನಡಿಯಲ್ಲಿ ಕಣ್ಣಿಟ್ಟು ಬೆಸುಗೆ ಹಾಕುತ್ತಿದ್ದವಳು.

“ಇದು ಯಾರಮ್ಮಾ ಹೇಳ್ಕೊಟ್ಟಿದ್ದು?”

“ಯಾರೂ ಹೇಳ್ಕೊಟ್ಟಿಲ್ಲ ಮಾಸ್ಟರ್. ಸಾರ್ ಮಾಡ್ತಾರೆ, ನಾವೂ ಮಾಡ್ತೀವಿ.”

ಮಾಸ್ಟರ್ ನನ್ನ ಕಡೆ ತಿರುಗಿದರು. “ನೀನು ಮಾಡು.”

ಮಾಡಿದೆ. ಅವರು ನನ್ನ ಎಡ ಕಂಕುಳ ಕೆಳಗೆ ಎರಡು ಬೆರಳಿಟ್ಟು ಒತ್ತಿದರು. ನಾನು ಹಲ್ಲು ಕಚ್ಚಿ ನಿಂತೆ, ಬಾಯಿಂದ ಒಂದು ಸದ್ದೂ ಹೊರಡಲಿಲ್ಲ. ನನ್ನ ನೆನಪಿನಲ್ಲಿ ಹೀಗಿದೆ. ಶಿವಣ್ಣನ ಪ್ರಕಾರ ನಾನು ಕುಯ್ಯೆಂದು ಅಲ್ಲೇ ಕುಕ್ಕರಿಸಿದೆ. ನಾಗವೇಣಿಯನ್ನು ಕೇಳಿದರೆ, ಮಾಸ್ಟರ್ ನನ್ನನ್ನು ಹೊರಗೆ ನೀರಿನ ತೊಟ್ಟಿಯ ಹತ್ತಿರ ಕರೆದುಕೊಂಡು ಹೋದರು, ಒಳಗಿದ್ದವರಿಗೆ ಏನೂ ಕಾಣಲಿಲ್ಲ ಅನ್ನುತ್ತಾಳೆ. ನನಗೆ ಮರ್ಯಾದೆ ಉಳಿಯುವ ನೆನಪು ನನ್ನದು ಎನ್ನುವುದೇ ಅದನ್ನು ನಂಬದಿರಲು ಸಾಕಷ್ಟು ಕಾರಣ.

ಅವರು ಹೇಳಿದ ಮಾತಿನಲ್ಲಿ ಮಾತ್ರ ಯಾರಿಗೂ ಭೇದವಿಲ್ಲ. “ಈ ಜನ ನಿನ್ನ ಕಾಯಿಲೆ ಕಲ್ತಿದ್ದಾರೆ ರಾಜಾ. ಚೆನ್ನಾಗೇ ಕಲ್ತಿದ್ದಾರೆ. ಯಾರಿಗೂ ಬೆಲ್ಟ್ ಇಲ್ಲ. ಆರ್ ತಿಂಗ್ಳು ಬಿಟ್ಟು ಬರ್ತೀನಿ. ಆಗ್ಲೂ ಕೈ ಇದೇ ಮಾದ್ರಿ ಇದ್ರೆ ಕ್ಲಾಸ್ ಮುಚ್ಬಿಡು. ಮೊದ್ಲು ಹೋಗಿ ಎಕ್ಸ್‌ರೇ ತೆಗ್ಸು.”

*

ನೋವು ಶುರುವಾಗಿ ಆಗಲೇ ಬಹಳ ದಿನವಾಗಿತ್ತು. ಉಸಿರೆಳೆದರೆ ಎಡಪಕ್ಕೆಯಲ್ಲಿ ಚುಚ್ಚು, ಸಂಜೆಯಾದರೆ ಸಣ್ಣ ಜ್ವರ. ಬಸ್ ಸ್ಟಾಪಿನಿಂದ ಮನೆಗೆ ಬರುವಾಗ ಮೂರನೇ ಲೈಟುಕಂಬದ ಹತ್ತಿರ ಚಪ್ಪಲಿ ಸರಿಮಾಡಿಕೊಳ್ಳುವ ನೆಪದಲ್ಲಿ ಬಗ್ಗುತ್ತಿದ್ದೆ. ಆಮೇಲಾಮೇಲೆ ಎರಡನೇ ಕಂಬದ ಹತ್ತಿರವೇ ಚಪ್ಪಲಿ ಸಡಿಲವಾಗತೊಡಗಿತು. ವಸ್ತಾದನ ಮೊಮ್ಮಗ ನಾನು, ಯಾರಿಗೆ ಹೇಳಲಿ?

ಆಸ್ಪತ್ರೆಯಲ್ಲಿ ಮರದ ಬೆಂಚು, ಕೈಯಲ್ಲಿ ನಂಬರಿನ ಚೀಟಿ. ಪಕ್ಕದಲ್ಲಿ ಜಿಗಣಿ ಕಡೆಯ ಕಲ್ಲು ಒಡೆಯುವ ಯಜಮಾನರೊಬ್ಬರು ಕೂತಿದ್ದರು. ನನ್ನ ಹೆಂಡತಿ ಸುಶೀಲ ಅವರಿಗೆ ಕಿತ್ತಳೆಹಣ್ಣು ಸುಲಿದುಕೊಟ್ಟಳು. ಅವರು ನನ್ನನ್ನು ಮೇಲಿಂದ ಕೆಳಗೆ ನೋಡಿ, “ಏನ್ ಕೆಲ್ಸ ಸಾಮಿ?” ಅಂದರು.

“ಕರಾಟೆ ಕಲಿಸ್ತೀನಿ.”

“ಅಂಗಂದ್ರೆ?”

“ಬರಿಗೈಲಿ ಇಟ್ಟಿಗೆ ಒಡೆಯೋದು” ಅಂದಳು ಸುಶೀಲ. ನಾನು ಒಂದೇ ಒಂದು ಸಲ ಒಡೆದಿದ್ದೆ.

“ನಾವು ಸುತ್ತಿಗೇಲಿ ಒಡೀತೀವಿ” ಅಂದರು ಯಜಮಾನರು. “ಇಬ್ರೂ ಇಲ್ಲೇ ಬಂದ್ವಿ ನೋಡಿ.”

ಕಾಯಿಲೆಯ ನೆನಪಿನಲ್ಲಿ ನಾನು ಮೊದಲ ಸಲ ನಕ್ಕಿದ್ದು ಅಲ್ಲಿ. ನಕ್ಕಾಗ ಪಕ್ಕೆ ಹಿಡಿದುಕೊಂಡಿತು. ಅವರು ಕಿತ್ತಳೆಯ ಅರ್ಧ ತೊಳೆಗಳನ್ನು ವಾಪಸ್ ನನ್ನ ಕೈಗಿಟ್ಟರು.

ಒಳಗೆ ಲೇಡಿ ಡಾಕ್ಟರ್. “ಎಷ್ಟು ದಿನದಿಂದ ನೋವು?”

“ಒಂದು ವಾರ.”

“ನಾಲ್ಕು ತಿಂಗ್ಳು ಡಾಕ್ಟ್ರೇ” ಅಂದಳು ಸುಶೀಲ. ನಾನು ಬೆರಗಾಗಿ ಅವಳನ್ನು ನೋಡಿದೆ. “ನಾಲ್ಕು ತಿಂಗ್ಳಿಂದ ಗೋಡೆ ಕಡೆ ಮುಖ ಮಾಡಿ ಎಡಮಗ್ಗುಲಾಗೇ ಮಲಗ್ತಾರೆ. ಕೇಳಿದ್ರೆ ಫ್ಯಾನ್ ಗಾಳಿ ಅಂತಾರೆ. ನಮ್ಮನೇಲಿ ಫ್ಯಾನೇ ಇಲ್ಲ.”

ಎಡ ಶ್ವಾಸಕೋಶದ ಹೊರಗೆ ನೀರು ತುಂಬಿತ್ತು. ಕಾರಣ ಕ್ಷಯ. ಟಿ.ಬಿ. ಎಂದು ಡಾಕ್ಟರ್ ಸಲೀಸಾಗಿ ಹೇಳಿದರು, ಎರಡೇ ಅಕ್ಷರ. ನನಗೆ ಬಂದ ಮೊದಲ ಯೋಚನೆ ಸಾವಿನದಲ್ಲ ಎಂದು ಇಷ್ಟು ವರ್ಷ ಹೇಳಿದ್ದೇನೆ, ಕ್ಲಾಸಿನದು ಎಂದು. ಸುಳ್ಳು. ಮೊದಲ ಯೋಚನೆ ಸಾವಿನದೇ. ಸುಶೀಲಳ ಕೈಯಲ್ಲಿದ್ದ ಕಿತ್ತಳೆ ಸಿಪ್ಪೆಯನ್ನು ನೋಡುತ್ತ, ಇದನ್ನು ಎಸೆಯಲು ಇಲ್ಲಿ ಬುಟ್ಟಿ ಎಲ್ಲಿದೆ ಎಂದು ಹುಡುಕುತ್ತ, ಸಾಯುತ್ತೇನೆ ಎಂದುಕೊಂಡೆ. ಕ್ಲಾಸು ಆಮೇಲೆ ಬಂತು.

ನೀರು ತೆಗೆಯಲು ನನ್ನನ್ನು ಕುರ್ಚಿಯ ಬೆನ್ನಿಗೆ ಮುಖ ಮಾಡಿ ಕೂರಿಸಿ, ದಿಂಬಿನ ಮೇಲೆ ಬಗ್ಗಿಸಿದರು. ಹಿಂದಿನಿಂದ ಪಕ್ಕೆಲುಬುಗಳ ನಡುವೆ ಸೂಜಿ. ನಾನು ಸದ್ದು ಮಾಡಲಿಲ್ಲ. ಇಡೀ ಬೆನ್ನೇ ಕಲ್ಲಾಗಿತ್ತು.

ಡಾಕ್ಟರ್ ಕೈ ನಿಲ್ಲಿಸಿದರು. “ನೋವಾಗ್ತಿಲ್ವೇನ್ರೀ?”

“ಇಲ್ಲ.”

“ಆಗ್ಬೇಕಲ್ಲ. ಆದ್ರೆ ಹೇಳ್ರೀ. ನೀವು ಹೇಳ್ದಿದ್ರೆ ಸೂಜಿ ಎಲ್ಲಿ ತಾಗ್ತಿದೆ ಅಂತ ನನಗೆ ಗೊತ್ತಾಗೋದು ಹೇಗೆ?”

“ಅಮ್ಮಾ” ಅಂದೆ.

“ಹಾಂ. ಈಗ ಸರಿ.” ಸೂಜಿ ಒಂದಿಷ್ಟು ಪಕ್ಕಕ್ಕೆ ವಾಲಿತು. ಬಾಟಲಿಗೆ ಗಂಜಿ ತಿಳಿಯಂಥ ನೀರು ಇಳಿಯಿತು, ಒಂದು ಬಾಟಲಿ ತುಂಬಿ ಎರಡನೆಯದಕ್ಕೂ. ಅದೇ ದಿನ ವರಾಂಡದಲ್ಲಿ ನಡೆಯುವಾಗ ಉಸಿರು ಎಲ್ಲೂ ಅಡ್ಡಗಟ್ಟದೆ ಹೊಟ್ಟೆಯವರೆಗೆ ಇಳಿಯಿತು. ಅದಕ್ಕಿಂತ ದೊಡ್ಡ ಬೆಲ್ಟ್ ನನಗೆ ಯಾರೂ ಕಟ್ಟಿಲ್ಲ.

ಕಫದಲ್ಲಿ ಏನೂ ಇಲ್ಲ, ನಿಮ್ಮಿಂದ ಹರಡಲ್ಲ ಎಂದರು ಡಾಕ್ಟರ್. ಆದರೆ ಮನೆಯವರನ್ನೂ ಹತ್ತಿರದಲ್ಲಿರುವವರನ್ನೂ ಒಂದು ಸಲ ಕರೆತನ್ನಿ ಅಂದರು. ಸುಶೀಲ ಗರಡಿಗೆ ಹೋಗಿ ಹೇಳಿಬಂದಳು. ಮರುವಾರ ಹನ್ನೊಂದು ಜನರೂ ಅರ್ಧ ದಿನ ರಜೆ ಹಾಕಿ ಎಕ್ಸ್‌ರೇ ಕೋಣೆಯ ಮುಂದೆ ಸಾಲಾಗಿ ನಿಂತರು. ಎಡಗೈ ಪಕ್ಕೆಗೆ ಅಂಟಿಸಿಕೊಂಡೇ. ನರ್ಸಮ್ಮ ಗಾಬರಿಯಾಗಿ, “ಏನ್ರೀ ಇದು, ಊರಿಗೂರೇ ಬಂದಿದೆಯಾ?” ಅಂದರಂತೆ. ಯಾರಿಗೂ ಏನೂ ಇರಲಿಲ್ಲ. ಶಿವಣ್ಣ ವಾರ್ಡಿನಲ್ಲಿದ್ದ ನನ್ನ ಮಂಚದ ಹತ್ತಿರ ಬಂದು, “ಎಲ್ರೂ ಪಾಸಾದ್ವಿ ವಸ್ತಾದ್ರೇ. ಇದ್ರಲ್ಲಾದ್ರೂ” ಅಂದ.

*

ಮನೆಯಲ್ಲಿ ಅಮ್ಮ ನನ್ನ ತಟ್ಟೆ ಲೋಟ ಬೇರೆ ಇಟ್ಟಳು. “ನಮ್ ವಂಸ್ದಾಗೇ ಯಾರ್ಗೂ ಬಂದಿಲ್ಲ ಕಣೋ ಇದು. ಅದ್ಯಾರ್ ಕಣ್ ಬಿತ್ತೋ” ಎಂದು ಮೆಣಸಿನಕಾಯಿ ನಿವಾಳಿಸಿ ಒಲೆಗೆ ಹಾಕಿ, ಆ ಘಾಟಿಗೆ ನಾನು ಕೆಮ್ಮಿದಾಗ ತಾನೇ ಅಳುತ್ತ ಬಾಗಿಲು ತೆಗೆದಳು. ಡಾಕ್ಟರ್ ಹರಡಲ್ಲ ಅಂದರೂ ಅವಳು ಒಪ್ಪಲಿಲ್ಲ. ದಿನಾ ಕಾಲು ಸೂಪು ಮಾಡಿ ಆ ಬೇರೆ ಲೋಟಕ್ಕೆ ಕಂಠದವರೆಗೆ ತುಂಬಿಸಿ ಇಡುತ್ತಿದ್ದಳು. ನಾನು ಕುಡಿದು ಮುಗಿಸುವವರೆಗೆ ಮಾರು ದೂರದಲ್ಲಿ ನಿಂತಿರುತ್ತಿದ್ದಳು.

ಈ ಕಾಯಿಲೆಯ ಔಷಧ ತೆಗೆದುಕೊಳ್ಳುತ್ತಿರುವವರು ಯಾರಾದರೂ ಇದನ್ನು ಓದುತ್ತಿದ್ದರೆ, ನನಗೆ ಯಾರೂ ಹೇಳದಿದ್ದ ಒಂದು ಮಾತು: ಆ ಕೆಂಪು ಮಾತ್ರೆ ನುಂಗಿದ ದಿನ ಮೂತ್ರ ಕೆಂಪಾಗುತ್ತದೆ. ರಕ್ತವಲ್ಲ. ನಾನು ಬಚ್ಚಲಲ್ಲಿ ಗೋಡೆ ಹಿಡಿದು ನಿಂತು ಮನೆದೇವರಿಗೆಲ್ಲ ಹರಕೆ ಹೊತ್ತಿದ್ದೆ. ಇನ್ನೊಂದು: ಶ್ವಾಸಕೋಶ ಬಿಚ್ಚಿಕೊಳ್ಳಲಿ ಎಂದು ಬಲೂನು ಊದಿಸುತ್ತಾರೆ. ನಾಚಿಕೆ ಬೇಡ. ಮೊದಲ ವಾರ ನನ್ನ ಬಲೂನು ನಿಂಬೆಹಣ್ಣಿಗಿಂತ ದೊಡ್ಡದಾಗಲಿಲ್ಲ. ಸುಶೀಲ ಎದುರು ಕೂತು ತಾನೊಂದು ಊದಿ, ಕುಂಬಳಕಾಯಿಯಷ್ಟು ಮಾಡಿ, ನನ್ನ ಮುಖಕ್ಕೇ ಬಿಟ್ಟು ನಗುತ್ತಿದ್ದಳು.

ನಿಜವಾಗಿ ಹೆದರಿಸಿದ್ದು ಇಂಜೆಕ್ಷನ್. ದಿನಾ ಒಂದು. ಕೆಲವು ವಾರವಾದ ಮೇಲೆ ಕಿವಿಯಲ್ಲಿ ಗುಂಯ್ ಎಂಬ ಸದ್ದು ಶುರುವಾಯಿತು. ಒಂಟಿಕಾಲಲ್ಲಿ ನಿಂತರೆ ನೆಲ ವಾಲುತ್ತಿತ್ತು. ಡಾಕ್ಟರಿಗೆ ಹೇಳಿದೆ. ಹೇಳಿದೆ ಎಂಬುದನ್ನು ಗಮನಿಸಿ. ಅವರು ಆ ಇಂಜೆಕ್ಷನ್ ನಿಲ್ಲಿಸಿ ಬೇರೆ ಮಾತ್ರೆ ಬರೆದರು. ಸದ್ದು ನಿಧಾನವಾಗಿ ಹೋಯಿತು, ವಾಲುವುದು ಪೂರ್ತಿ ಹೋಗಲಿಲ್ಲ. ಗರಡಿಯಲ್ಲಿ ಮುಂದೆ ನಿಂತು ಒದೆ ತೋರಿಸುವ ವಸ್ತಾದ್ ಅಲ್ಲಿಗೆ ಮುಗಿದ. ಆರು ತಿಂಗಳಲ್ಲಿ ಎರಡು ಆಗಲೇ ಕಳೆದಿದ್ದವು.

*

ಕುರ್ಚಿ ತಂದದ್ದು ಶಿವಣ್ಣ. ಅಖಾಡದ ಅಂಚಿನಲ್ಲಿಟ್ಟು, “ಕೂತ್ಕಳಿ ಗುರು. ಮಹಾರಾಜ್ರು ಅಂಗೇ ಅಲ್ವಾ ಕುಸ್ತಿ ನೋಡ್ತಿದ್ದಿದ್ದು” ಅಂದ.

ಅವರಿಗೆ ಎದುರಾಗಿ ಕೂತೆ. ಕೂಗಬೇಡಿ ಎಂದು ಡಾಕ್ಟರ್ ಹೇಳಿದ್ದರಿಂದ ಎಣಿಸುವ ಕೆಲಸ ಅವರಿಗೇ ಬಿಟ್ಟೆ; ಒಬ್ಬೊಬ್ಬರು ಹತ್ತರವರೆಗೆ. ಗಟ್ಟಿಯಾಗಿ ಎಣಿಸುವವನಿಗೆ ‘ಹ್ಕ್’ ಅನ್ನಲು ಪುರಸೊತ್ತಿರುವುದಿಲ್ಲ. ಕೆಮ್ಮು ಎರಡೇ ವಾರದಲ್ಲಿ ಉದುರಿತು.

ನಾನು ಕಂಡದ್ದು ಬೇರೆ. ಶಿವಣ್ಣ ಪ್ರತಿ ಗುದ್ದಿಗೂ ಕಣ್ಣು ಮುಚ್ಚುತ್ತಿದ್ದ. ನಾಗವೇಣಿ ಎಡಗೈಯವಳು. ಎರಡು ವರ್ಷದಿಂದ ಶಿಷ್ಯೆ, ಎಡಗೈಯವಳು ಎಂದು ನನಗೆ ಗೊತ್ತಿರಲಿಲ್ಲ.

“ಹೇಳ್ಲೇ ಇಲ್ವಲ್ಲಮ್ಮ?”

“ನೀವು ತಿರುಗಿ ನೋಡ್ಲೇ ಇಲ್ವಲ್ಲ ಸಾರ್.”

ಅವಳೇ ಮುಂದುವರಿಸಿದಳು: “ನಿಮಗೆ ಪಕ್ಕೆ ನೋವಿತ್ತು ಅಂತಾನೂ ಗೊತ್ತಿತ್ತು. ಯುಗಾದಿ ಮುಂಚಿಂದ.”

“ಮತ್ತೆ ಕೇಳಬಾರ್ದಿತ್ತಾ?”

“ಕೇಳ್ಬಾರ್ದು ಅಂತ ನೀವೇ ಅಲ್ವಾ ಹೇಳಿದ್ದು.”

ಮುಂದಿನ ದಿನದಿಂದ ಹೊಸ ಕಟ್ಟಳೆ ಮಾಡಿದೆ: ಶುರುವಿಗೆ ಮುಂಚೆ ಪ್ರತಿಯೊಬ್ಬರೂ ಇವತ್ತು ಎಲ್ಲಿ ನೋವಿದೆ ಎಂದು ಹೇಳಬೇಕು. ಮೊದಲ ದಿನ ಎಲ್ಲರೂ ಇಲ್ಲ ಸಾರ್, ಇಲ್ಲ ಸಾರ್ ಅಂದರು. “ಬಲ ಕಿವೀಲಿ ಸದ್ದು ಕಮ್ಮಿ ಆಗಿದೆ, ಒಂಟಿಕಾಲಲ್ಲಿ ನಿಲ್ಲೋಕಾಗಲ್ಲ” ಅಂದೆ ನಾನು. ಆಮೇಲೆ ಹೊರಬಿತ್ತು: ಮಂಡಿ, ಸೊಂಟ, ದಿನವಿಡೀ ಬಗ್ಗಿ ಬೆಸುಗೆ ಹಾಕಿದ ಕತ್ತು. ಎರಡು ವರ್ಷ ಅವರು ಅದನ್ನೆಲ್ಲ ಹೊತ್ತುಕೊಂಡೇ ನನ್ನ ಬೆನ್ನ ಹಿಂದೆ ನಿಂತಿದ್ದರು.

ಮೊಣಕೈ ಮಾತ್ರ ಬಗ್ಗಲಿಲ್ಲ. ಎತ್ತಿ ಅಂದರೆ ಎತ್ತುತ್ತಿದ್ದರು, ಮೂರನೇ ಗುದ್ದಿಗೆ ಮತ್ತೆ ಪಕ್ಕೆಗೆ. ಮೈ ಕಲಿತದ್ದಕ್ಕೆ ಬಾಯಿಮಾತು ಕೇಳಿಸುವುದಿಲ್ಲ. ನಾನು ಎದ್ದು ತೋರಿಸುವಂತಿಲ್ಲ. ತೋರಿಸಿದರೂ ನನ್ನದೇ ಮೊಣಕೈ.

ಪರಿಹಾರ ಹೊಳೆದದ್ದು ಕೆಲಸಕ್ಕೆ ಮರಳಿದ ಮೇಲೆ, ಕಾರ್ಖಾನೆಯಲ್ಲಿ. ನನ್ನ ಕೆಲಸ ಗೇಜ್ ಎಂಬ ಅಳತೆಕಡ್ಡಿ ಹಿಡಿಯುವುದು. ಉಕ್ಕಿನ ತುಂಡಿನಲ್ಲಿ ಕೊರೆದ ತೂತಿಗೆ ಗೇಜ್ ಹಾಕುತ್ತೇವೆ. ಹೋಗದಿದ್ದರೆ ತೂತು ಚಿಕ್ಕದು, ಲೊಡಲೊಡ ಅಂದರೆ ದೊಡ್ಡದು, ಹಗುರವಾಗಿ ಹಿಡಿದು ಕೂತರೆ ಪಾಸು. ಅಲ್ಲಿ ಯಾರೂ ಉಕ್ಕಿಗೆ ಬೈಯುವುದಿಲ್ಲ. ಬಿದಿರು ತಂದು ಒಂದು ಮುಷ್ಟಿ ಉದ್ದದ ತುಂಡು ಕೊಯ್ದೆ, ಮೊಣಕೈಗೂ ಪಕ್ಕೆಗೂ ನಡುವೆ ಇಡಲು. ಒತ್ತಿದರೆ ಪಕ್ಕೆಗೆ ಚುಚ್ಚುತ್ತದೆ, ಹೆಚ್ಚು ಎತ್ತಿದರೆ ಬೀಳುತ್ತದೆ. ಹನ್ನೊಂದು ತುಂಡು, ಎಲ್ಲ ಒಂದೇ ಅಳತೆ. ನೂಲೆಳೆಯಷ್ಟು ವ್ಯತ್ಯಾಸವಿರಲಿಲ್ಲ. ಬಹಳ ಖುಷಿಪಟ್ಟೆ.

ನಾಗವೇಣಿ ತನ್ನದನ್ನು ಕೈಯಲ್ಲಿ ತಿರುಗಿಸಿ ನೋಡಿದಳು. “ಇದು ಯಾರ ಮುಷ್ಟಿ ಸಾರ್?”

“ನನ್ದು.”

“ಮತ್ತೆ ನಿಮ್ಮ ಪಕ್ಕೇಗೇ ಇಟ್ಕೊಳ್ಳಿ.”

ಶಿವಣ್ಣ ಹೋ ಎಂದು ನಕ್ಕ. ನಾನು ಮತ್ತೆ ಬೆನ್ನು ತೋರಿಸಿದ್ದೆ, ಈ ಸಲ ಬಿದಿರಿನಲ್ಲಿ. ಅವತ್ತು ಪಾಠ ನಡೆಯಲಿಲ್ಲ. ಎಲ್ಲರೂ ಕೂತು ತಮ್ಮ ತಮ್ಮ ಮುಷ್ಟಿ ಅಳೆದು, ಗರಗಸದಲ್ಲಿ ಕೊಯ್ದು, ಉಜ್ಜಿ, ಹೆಸರು ಬರೆದುಕೊಂಡರು. ಹನ್ನೊಂದು ತುಂಡುಗಳಲ್ಲಿ ಯಾವ ಎರಡೂ ಒಂದೇ ಅಳತೆಯವಾಗಿರಲಿಲ್ಲ. ಅಖಾಡದ ಗೂಡಿನಲ್ಲಿ ಹನುಮಂತನ ಪಟದ ಕೆಳಗೆ ಅವು ಸಾಲಾಗಿ ಕೂತವು.

ಮುಂದಿನ ಮೂರೂವರೆ ತಿಂಗಳು ಬಿದಿರು ಬೀಳುವ ಟಕ್ ಟಕ್ ಸದ್ದು. ಮೊದಲು ಹಲಸಿನಬೀಜ ಉದುರಿದ ಹಾಗೆ. ಆಮೇಲೆ ಆಗೊಂದು ಈಗೊಂದು. ಒಂದು ಸಂಜೆ ನೂರು ಗುದ್ದು ಮುಗಿಯಿತು, ಒಂದೂ ಬೀಳಲಿಲ್ಲ. ನಾನು ಕುರ್ಚಿಯ ಕೈ ಹಿಡಿದು ಎದ್ದು ನಿಂತೆ, ಮತ್ತೆ ಕೂತೆ. ಅವತ್ತು ಮನೆಗೆ ಹೋಗಿ ಊದಿದ ಬಲೂನು ಒಡೆಯಿತು.

*

ಅಂತೋಣಿ ಮಾಸ್ಟರ್ ಹೇಳಿದ ದಿನಕ್ಕೆ ಬಂದರು. ಕುರ್ಚಿಯನ್ನು ನೋಡಿದರು, ನನ್ನನ್ನು ನೋಡಿದರು. ಬಿದಿರು ಗೂಡಿನಲ್ಲೇ ಇತ್ತು. ಹನ್ನೊಂದು ಜನ ನಿಂತರು. ನಾಗವೇಣಿ ಎಡಗೈಯಲ್ಲಿ ಗುದ್ದುವ ಹಾಗೆ ಎಲ್ಲರಿಗಿಂತ ಬೇರೆಯಾಗಿ ನಿಂತಳು. ಕೆಮ್ಮಿಲ್ಲ. ಎಣಿಕೆ, ಕೂಗು, ಗುದ್ದು.

ಮಾಸ್ಟರ್ ಸಾಲಿನುದ್ದಕ್ಕೂ ನಡೆದು ಒಬ್ಬೊಬ್ಬರ ಮೊಣಕೈ ಸಂದಿಯಲ್ಲಿ ತಮ್ಮ ಮುಷ್ಟಿ ತೂರಿಸಿ ನೋಡಿದರು. ನಾಗವೇಣಿಯ ಹತ್ತಿರ ಬಂದು, “ನಂದು ಹೋಗ್ತಿಲ್ಲ” ಅಂದರು.

“ನಿಮ್ದು ದೊಡ್ಡದು ಮಾಸ್ಟರ್. ನನ್ನಳತೆ ನನ್ದು.”

ಮಾಸ್ಟರ್ ಅವಳ ಮುಷ್ಟಿಯನ್ನು ನೋಡಿದರು, ಸಂದಿಯನ್ನು ನೋಡಿದರು. ತಲೆಯಾಡಿಸಿದರು.

ಹತ್ತು ಜನಕ್ಕೆ ಬೆಲ್ಟ್. ಶಿವಣ್ಣನಿಗೆ ಇಲ್ಲ, ಕಣ್ಣು ಮುಚ್ಚಿದ್ದಕ್ಕೆ. “ಕೈಯಾದ್ರೆ ವಸ್ತಾದ್ರ ಕಾಯ್ಲೆ. ಕಣ್ಣು ನನ್ನ ಸ್ವಂತದ್ದು ಮಾಸ್ಟರ್” ಅಂದ ಅವನು. ಮುಂದಿನ ವರ್ಷ ಪಡೆದ.

“ಯಾರು ತೋರ್ಸಿದ್ರು?” ಎಂದು ಮಾಸ್ಟರ್ ಕೇಳಿದರು.

“ಯಾರೂ ತೋರ್ಸಿಲ್ಲ. ಸಾರ್ ನೋಡಿದ್ರು” ಅಂದಳು ನಾಗವೇಣಿ. ಈ ಮಾತನ್ನು ನಾನೇ ಕಟ್ಟಿಕೊಂಡಿರಬಹುದೇ ಎಂದು ಎಷ್ಟೋ ಸಲ ಅನುಮಾನಪಟ್ಟಿದ್ದೇನೆ. ಕೇಳಿದರೆ ಅವಳು, “ಅಂದಿರ್ಬೋದು ಸಾರ್” ಅನ್ನುತ್ತಾಳೆ.

ಆಮೇಲೆ ನಡೆದದ್ದನ್ನು ಮಾತ್ರ ಮೂವರನ್ನು ಬೇರೆಬೇರೆಯಾಗಿ ಕೇಳಿ ಖಚಿತಪಡಿಸಿಕೊಂಡಿದ್ದೇನೆ. ಮಾಸ್ಟರ್ ನನಗೆ, “ಈಗ ನೀನು” ಅಂದರು. ಮಾತ್ರೆ ಇನ್ನೂ ನಡೆಯುತ್ತಿತ್ತು, ಆದರೆ ನೋವು ಹೋಗಿ ತಿಂಗಳುಗಳಾಗಿದ್ದವು. ಎದ್ದು ಕೆಮ್ಮಣ್ಣು ಮುಟ್ಟಿ ನಿಂತೆ. ಹೊಸ ಬೆಲ್ಟ್ ಕಟ್ಟಿಕೊಂಡಿದ್ದ ನಾಗವೇಣಿ ಗೂಡಿನಿಂದ ತನ್ನ ಬಿದಿರು ತಂದು ನನ್ನ ಎಡ ಮೊಣಕೈ ಸಂದಿಗೆ ಇಡಲು ನೋಡಿದಳು.

“ಸಾರ್, ಹೋಗ್ತಿಲ್ಲ.”

ಹನ್ನೊಂದು ತುಂಡುಗಳಲ್ಲೇ ಚಿಕ್ಕದು ಅವಳದು. ಅದೂ ಹೋಗಲಿಲ್ಲ. ಅವರೆಲ್ಲರ ಮೈಯಿಂದ ಬಿಟ್ಟುಹೋದದ್ದು ನನ್ನಲ್ಲೇ ಉಳಿದುಕೊಂಡಿತ್ತು. ನಗು ಬಂತು. ಪಕ್ಕೆ ಹಿಡಿದುಕೊಳ್ಳಲಿಲ್ಲ.

ನಾಗವೇಣಿ ನಗಲಿಲ್ಲ. ನನ್ನ ಎದುರಿಗೆ ಬಂದು, ನನ್ನ ಮುಖ ಕಾಣುವಲ್ಲಿ ನಿಂತಳು.

“ಎಲ್ಲಿ ನೋವಿದೆ ಸಾರ್?”

“ಎಲ್ಲೂ ಇಲ್ಲ.”

ಅವಳು ಕಾದಳು. ಹುಡುಕಿ ನೋಡಿದೆ. ನಿಜವಾಗಿ ಎಲ್ಲೂ ಇರಲಿಲ್ಲ.

“ಸರಿ ಹಾಗಾದ್ರೆ. ಕೈ ಎತ್ತಿ” ಎಂದು ಬಿದಿರು ತೂರಿಸಿ, ಎಣಿಸತೊಡಗಿದಳು.